ಕುರ್ಚಿಯಿಂದ ಗೋಡೆಗೆ ಎಷ್ಟು ದೂರ

"ಮೇಡಂ, ಟೀವಿನ ಹಾಗೆ ಅಳೆಯಲ್ಲ."

ಅವಳು ತಿರುಗಿ ನೋಡಲಿಲ್ಲ. ಅಂಗಡಿಯ ಗೋಡೆಯ ಮೇಲಿದ್ದ ದೊಡ್ಡ ಟೀವಿಯ ಎಡ ಅಂಚಿಗೆ ಟೇಪಿನ ತುದಿ ಒತ್ತಿ ಹಿಡಿದು ಬಲಕ್ಕೆ ಎಳೆಯುತ್ತಿದ್ದಳು. ಸದಾ ಅವಳ ಕೊರಳಲ್ಲೇ ನೇತಾಡುವ, ಅಂಕಿಗಳು ಅರ್ಧ ಅಳಿಸಿಹೋದ ಟೈಲರ್ ಟೇಪು ಅದು. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಬಾಯಿಪಾಠವಾಗಿರುವವಳಿಗೆ ಅಳೆಯುವುದನ್ನು ಯಾರೋ ಹೇಳಿಕೊಡುವುದೆಂದರೆ...

"ಬುದ್ಧಿ ಬಂದಾಗಿನಿಂದ ಅಳೆಯೋದೇ ನನ್ನ ಕೆಲಸ," ಎಂದಳು ಗೋಡೆಗೆ.

"ಬಟ್ಟೆ ಅಳೆಯೋದು ಇರಬಹುದು. ಇದನ್ನ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೀತಾರೆ."

"ನಮ್ಮನೇಲಿ ಕಿಟಕಿಗೂ ಬೀರುಗೂ ಮಧ್ಯೆ ಅರವತ್ತೈದು ಇಂಚು ಜಾಗ ಇದೆ. ಅರವತ್ತೈದು ಇಂಚಿನ ಟೀವಿ ಕೊಡಿ. ಲೆಕ್ಕ ಸರಿಯಾಯ್ತಲ್ಲ?"

"ಸರಿಯಾಗಲ್ಲ. ಎರಡೂ ಕಡೆ ನಾಲ್ಕು ನಾಲ್ಕು ಇಂಚು ಖಾಲಿ ಉಳಿಯುತ್ತೆ. ಅದಿರಲಿ, ಎಲ್ಲಿಂದ ಕೂತು ನೋಡ್ತೀರಿ?"

"ಕುರ್ಚಿಯಿಂದ."

ಹಿಂದಿನಿಂದ ನಗು ಕೇಳಿಸಿತು. ಆಗ ತಿರುಗಿದಳು.

ಟೈಲರ್ ಕಣ್ಣು ಮೊದಲು ಮುಖ ನೋಡುವುದಿಲ್ಲ. ಅವಳಿಗೆ ಮೊದಲು ಕಂಡಿದ್ದು ಅವನ ಅಂಗಿಯ ತೋಳು. ಎರಡು ಬೆರಳಷ್ಟು ಉದ್ದವಾಗಿ ಅಂಗೈ ಮೇಲೆ ಇಳಿದಿತ್ತು. ಅಷ್ಟಾದ ಮೇಲೆ ಮುಖ. ನಗು ಅಲ್ಲೇ ಇತ್ತು, ಆದರೆ ಅದು ಆಡಿಕೊಳ್ಳುವ ನಗುವಾಗಿರಲಿಲ್ಲ. ಕೋಪ ಮಾಡಿಕೊಳ್ಳಲು ಸಿದ್ಧವಾಗಿ ನಿಂತಿದ್ದವಳಿಗೆ ಯಾಕೋ ಆ ಕೋಪ ಕೈಗೆ ಸಿಗಲಿಲ್ಲ.

"ಕುರ್ಚಿಯಿಂದ ಗೋಡೆಗೆ ಎಷ್ಟು ದೂರ ಅಂತ ಗೊತ್ತಾಗಬೇಕು," ಎಂದ ಅವನು. "ಟೀವಿ ಎಷ್ಟು ಇಂಚೋ ಅದರ ಒಂದೂವರೆ ಪಟ್ಟು ದೂರ ಇದ್ರೆ ಕಣ್ಣಿಗೆ ಹಿತ. ಹತ್ತಿರದಲ್ಲಿ ದೊಡ್ಡದು ಹಾಕಿದ್ರೆ ಕತ್ತು ಆಡಿಸಿ ಆಡಿಸಿ ಸುಸ್ತು. ದೂರದಲ್ಲಿ ಚಿಕ್ಕದು ಹಾಕಿದ್ರೆ ಕಣ್ಣು ಕಿರಿದು ಮಾಡಿ ಮಾಡಿ ಸುಸ್ತು."

"ಮೇಷ್ಟ್ರು ಪಾಠ ಶುರು ಮಾಡಿದ್ರು," ಎಂದು ಕೌಂಟರಿನಲ್ಲಿದ್ದ ಹುಡುಗಿ ನಕ್ಕಳು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಟೀವಿ ಕೊಳ್ಳಲು ಬಂದವರಿಗೆ ಪಾಠ ಮಾಡದೆ ಅವನು ಬಿಟ್ಟ ದಾಖಲೆಯೇ ಇಲ್ಲ.

"ಅಂದ್ರೆ ದೊಡ್ಡದು ನಮಗೆ ಬೇಡ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

"ಇಲ್ಲ ಮೇಡಂ. ಮನೆ ನೋಡಿ ಹೇಳ್ತೀನಿ. ನೋಡದೆ ನಾನು ಯಾರಿಗೂ ಹೇಳಲ್ಲ."

ನೋಡದೆ ಹೇಳುವುದಿಲ್ಲ... ಅವಳೂ ಗಿರಾಕಿಗಳಿಗೆ ಇದನ್ನೇ ಹೇಳುತ್ತಾಳೆ. ವಿಳಾಸ ಕೊಟ್ಟು ಬಂದಳು. ದಾರಿಯುದ್ದಕ್ಕೂ ಆ ಉದ್ದ ತೋಳು ಕಣ್ಣ ಮುಂದೆ ಬರುತ್ತಿದ್ದುದಕ್ಕೆ ಹೊಲಿಗೆಯ ಕಾಳಜಿಯೇ ಕಾರಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮನೆಯಲ್ಲಿ ಇರುವವರು ಇಬ್ಬರೇ, ಅವಳು ಮತ್ತು ಅವಳ ದೊಡ್ಡಮ್ಮ. ಅಪ್ಪ ಅಮ್ಮ ಇಲ್ಲದ ಮಗುವನ್ನು ಎದೆಗವಚಿಕೊಂಡು ಬೆಳೆಸಿದ ದೊಡ್ಡಮ್ಮ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆಗ ನೇರವಾಗಿ ಫೋನು ಹೋಗುತ್ತಿರಲಿಲ್ಲ. ಈ ಕಡೆಯವರನ್ನು ಆ ಕಡೆಯವರಿಗೆ ಕೈಯಾರೆ ಜೋಡಿಸಬೇಕಿತ್ತು. ಈಗ ಮಂಡಿ ಹಿಡಿದುಕೊಂಡಿದೆ. ಆದರೆ ಕಿವಿ ಮಾತ್ರ ಹಿತ್ತಲಲ್ಲಿ ಎಲೆ ಬಿದ್ದರೂ ಬಿಡುವುದಿಲ್ಲ. ಹಳೆಯ ಟೀವಿ ಧಾರಾವಾಹಿಯ ನಡುವೆಯೇ ಕಣ್ಣು ಮುಚ್ಚಿದಾಗಿನಿಂದ ಮನೆಯಲ್ಲಿ ಸೂತಕದ ಕಳೆ.

"ಪುಟ್ಟೀ, ಬರ್ತಾನಂತಾ ಆ ಟೀವಿಯವನು?" ದೊಡ್ಡಮ್ಮನಿಗೆ ಅವಳು ಮೂವತ್ತು ದಾಟಿದರೂ ಪುಟ್ಟಿಯೇ.

"ಬರ್ತಾನಂತೆ. ಬಾಯಿ ಜಾಸ್ತಿ."

"ನಿನಗಿಂತಾನಾ?"

ಅವನು ಬಂದ. ಕೈಯಲ್ಲಿ ಟೇಪು, ಬಗಲಲ್ಲಿ ಕಂದು ರಟ್ಟಿನ ಹಾಳೆಗಳು. ಟೀವಿಗಳ ಅಳತೆಗೆ ಸರಿಯಾಗಿ ಕತ್ತರಿಸಿದ ರಟ್ಟುಗಳವು. ಗೋಡೆಗೆ ಅಂಟಿಸಿ ಹೋಗುವುದು, ಮನೆಯವರು ಕೆಲವು ದಿನ ಅದನ್ನು ನೋಡುತ್ತ ಓಡಾಡುವುದು, ಒಗ್ಗಿದರೆ ಅದೇ ಅಳತೆಯ ಟೀವಿ ತರುವುದು. ಇದು ಅವನದೇ ಪದ್ಧತಿ.

ದೊಡ್ಡಮ್ಮನ ಕುರ್ಚಿಯಿಂದ ಗೋಡೆಗೆ ಟೇಪು ಹಿಡಿದ. "ಎಂಟು ಅಡಿ. ನೀವೇ ಗೆದ್ರಿ ಮೇಡಂ, ಅರವತ್ತೈದೇ ಸರಿ."

"ನಾನು ಅವತ್ತೇ ಹೇಳಿದ್ದೆ."

"ನೀವು ಹೇಳಿದ್ದು ಬೀರು ಲೆಕ್ಕ. ಇದು ಕಣ್ಣಿನ ಲೆಕ್ಕ." ಟೇಪು ಸುತ್ತಿಕೊಳ್ಳುತ್ತ ಸುತ್ತಲೂ ನೋಡಿದ. "ನೀವು ಎಲ್ಲಿ ಕೂರ್ತೀರಿ?"

ಅವಳು ಕಿಟಕಿಯ ಕಡೆ ಕೈ ತೋರಿದಳು. ಅಲ್ಲಿ ಹೊಲಿಗೆ ಮಷೀನು ಇತ್ತು. ಮುಂದೆ ಸ್ಟೂಲು, ಕಿಟಕಿಗೆ ಮುಖ, ಕೋಣೆಗೆ ಬೆನ್ನು.

"ಅಲ್ಲಿಂದ ಟೀವಿ ಕಾಣಲ್ವಲ್ಲ."

"ನಾನು ನೋಡಲ್ಲ, ಕೇಳ್ತೀನಿ. ಧಾರಾವಾಹಿಯಲ್ಲಿರೋರ ದನಿ ಎಲ್ಲ ಗೊತ್ತು. ಆ ಕೆಟ್ಟ ನಾದಿನಿ ಇದಾಳಲ್ಲ, ಅವಳ ದನಿ ನಿದ್ದೆಯಲ್ಲೂ ಗುರುತು ಹಿಡೀತೀನಿ. ಮುಖ ಹೇಗಿದೆ ಅಂತ ಮಾತ್ರ ಗೊತ್ತಿಲ್ಲ." ತಮಾಷೆಗೆ ಹೇಳಿದ್ದಳು.

ಅವನು ನಗಲಿಲ್ಲ. ಮಷೀನನ್ನೂ ಅವಳನ್ನೂ ಸ್ವಲ್ಪ ಹೊತ್ತು ನೋಡಿದ. "ಮಷೀನ್ ಸ್ವಲ್ಪ ತಿರುಗಿಸಿದ್ರೆ ಬೆಳಕು ಎಡಗಡೆಯಿಂದ ಬರುತ್ತೆ. ಹೊಲಿಗೆಗೆ ತೊಂದರೆ ಇಲ್ಲ."

"ನಾನು ಟೀವಿ ನೋಡ್ತಾ ಕೂತ್ರೆ ಹೊಲಿಯೋರು ಯಾರು?"

"ಟೀವಿ ಬೇಡ ಬಿಡಿ. ನಿಮ್ಮ ದೊಡ್ಡಮ್ಮ ನಗುವಾಗ ಅವರ ಮುಖ ಕಾಣಿಸಬೇಕಲ್ಲ ನಿಮಗೆ."

ಎಷ್ಟೋ ಜನ ಈ ಮನೆಗೆ ಬಂದಿದ್ದಾರೆ, ಅಳತೆ ಕೊಟ್ಟಿದ್ದಾರೆ, ಬಟ್ಟೆ ತೆಗೆದುಕೊಂಡು ಹೋಗಿದ್ದಾರೆ. ನೀನು ಎಲ್ಲಿ ಕೂರುತ್ತೀಯ ಎಂದು ಯಾರೂ ಕೇಳಿರಲಿಲ್ಲ. ಅವಳು ಟೀ ತರುವ ನೆಪ ಮಾಡಿ ಒಳಗೆ ಹೋದಳು.

ಬರುವಷ್ಟರಲ್ಲಿ ದೊಡ್ಡಮ್ಮ ಗೋಡೆಯ ಮೇಲಿನ ರಟ್ಟನ್ನೇ ತದೇಕಚಿತ್ತದಿಂದ ನೋಡುತ್ತಿದ್ದರು. "ಚೆನ್ನಾಗಿದೆ ಕಣಪ್ಪ. ಜಾಹೀರಾತೇ ಬರ್ತಿಲ್ಲ."

ಮಷೀನು ಆ ದಿನವೇ ತಿರುಗಿತು. ಹೊಲಿಯುತ್ತ ತಲೆಯೆತ್ತಿದರೆ ದೊಡ್ಡಮ್ಮ ಓರೆಯಾಗಿ ಕಾಣುತ್ತಿದ್ದರು. ಬರೀ ರಟ್ಟು ನೋಡಿಕೊಂಡೇ ಏನೋ ನೆನೆಸಿಕೊಂಡು ಒಬ್ಬರೇ ನಗುತ್ತಿದ್ದರು. ಇದನ್ನು ಇಷ್ಟು ವರ್ಷ ನಾನು ನೋಡಿರಲೇ ಇಲ್ಲವಲ್ಲ, ಎಂದು ಅವಳಿಗೆ ಸಂಕಟವಾಯಿತು. ಸಂತೋಷವೂ ಆಯಿತು.

ಮುಂದಿನ ವಾರ ರಟ್ಟು ಒಗ್ಗಿತೋ ಇಲ್ಲವೋ ಕೇಳಲು ಅವನು ಬಂದ. ಟೇಪು ಹಿಡಿದವನು ಹಾಗೇ ನಿಂತುಬಿಟ್ಟ. ಕುರ್ಚಿಯಿಂದ ಗೋಡೆಗೆ ಐದೂವರೆ ಅಡಿ!

"ನಾನು ಎಂಟು ಅಂದಿದ್ದೆ ಅಲ್ವಾ?"

"ನನಗೇನು ಗೊತ್ತಪ್ಪ, ನಾನು ಕೂತಲ್ಲೇ ಕೂತಿದೀನಿ," ಎಂದರು ದೊಡ್ಡಮ್ಮ. ಮುಖ ಹಸುಗೂಸಿನ ಮುಖ.

ಅವಳು ತಬ್ಬಿಬ್ಬಾದಳು. ದಿನಾ ಬೆಳಗ್ಗೆ ಕಸ ಗುಡಿಸುವಾಗ ಕುರ್ಚಿ ಎತ್ತಿಡುತ್ತಾಳೆ, ದೊಡ್ಡಮ್ಮ ತಮಗೆ ಬೇಕಾದಲ್ಲಿ ಎಳೆದುಕೊಂಡು ಕೂರುತ್ತಾರೆ. ಅದು ಎಲ್ಲಿತ್ತು, ಎಲ್ಲಿಗೆ ಬಂತು ಎಂದು ಗುರುತಿಟ್ಟುಕೊಂಡವರು ಯಾರು?

ಅವನು ಒಂದು ಕ್ಷಣ ತಲೆ ತಗ್ಗಿಸಿ ನೆಲ ನೋಡಿದ. ಕಿವಿ ಕೆಂಪಾಯಿತು. "ಹಾಗಾದ್ರೆ ನಲವತ್ತಮೂರು ಇಂಚು ಸಾಕು," ಎಂದು ದೊಡ್ಡ ರಟ್ಟು ಕಿತ್ತು ಚಿಕ್ಕದು ಅಂಟಿಸಿದ.

ಮೂರನೆಯ ಸಲ ಬಂದಾಗ ಕುರ್ಚಿ ಏಳು ಅಡಿಗೆ ಹೋಗಿತ್ತು. ಐವತ್ತೈದರ ರಟ್ಟು ಗೋಡೆಗೆ ಬಂತು. ಇದನ್ನೂ ಕೆಲವು ದಿನ ನೋಡಿ, ಮತ್ತೆ ಬರುತ್ತೇನೆ ಎಂದ.

ಅವನು ಬಂದಾಗಲೆಲ್ಲ ಅಳತೆಗಿಂತ ಮಾತೇ ಹೆಚ್ಚಾಗುತ್ತಿತ್ತು. ಬಟ್ಟೆ ಕತ್ತರಿಸುವಾಗ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದ. ಅವನಿಗೆ ಅಕ್ಕ ಒಬ್ಬಳಿದ್ದಾಳೆ, ಮದುವೆಯಾಗಿ ದೂರದಲ್ಲಿದ್ದಾಳೆ. ಅವನ ಅಂಗಿಗಳೆಲ್ಲ ಭಾವನವು, ಅದಕ್ಕೇ ತೋಳು ಉದ್ದ. ಒಂದು ದಿನ ಅವಳು ತಡೆಯಲಾರದೆ, "ಕೈ ಚಾಚಿ," ಎಂದು ಅಲ್ಲೇ ಗುಂಡುಪಿನ್ನು ಚುಚ್ಚಿ ಅಳತೆ ಗುರುತು ಮಾಡಿದಳು. ಎಷ್ಟೋ ಕೈಗಳನ್ನು ಅಳೆದವಳು ಆ ದಿನ ಒಂದೇ ತೋಳನ್ನು ಎರಡೆರಡು ಸಲ ಅಳೆದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ, ಪಿನ್ನು ಚುಚ್ಚೀತೆಂಬ ಭಯಕ್ಕಂತೂ ಅಲ್ಲ.

ಇಷ್ಟು ಸುಖವಾಗಿ ಹೋಗುತ್ತಿದ್ದ ಕಥೆಗೆ ಕಲ್ಲು ಹಾಕಿದ್ದು ಒಬ್ಬ ಗಿರಾಕಿ. ಪಕ್ಕದ ಬೀದಿಯ ಬ್ಯೂಟಿ ಪಾರ್ಲರಿನಾಕೆ. ಪಾರ್ಲರಿನ ಕೆಲಸಕ್ಕೆಂದು ಹೊಲಿಸಿದ ಕೋಟು ಹಾಕಿ ನೋಡುತ್ತ ಗೋಡೆಯ ರಟ್ಟಿನ ಕಡೆ ಹುಬ್ಬು ಹಾರಿಸಿದಳು.

"ಒಂದು ಟೀವಿ ಅಳೆಯೋಕೆ ಎಷ್ಟು ಸಲ ಬರ್ತಾನೆ ಆ ಮನುಷ್ಯ? ಹೆಂಗಸರಿರೋ ಮನೆ ಅಂದ್ರೆ ಅಳತೆ ತಪ್ಪುತ್ತೇನೋ. ಜನ ಮಾತಾಡ್ಕೊಳ್ತಿದಾರಪ್ಪ, ನನಗ್ಯಾಕೆ."

ನನಗ್ಯಾಕೆ ಎನ್ನುವವರೇ ಎಲ್ಲ ಹೇಳಿ ಮುಗಿಸುವುದು.

ಅವಳು ಕೋಟು ಮಡಿಸಿ ಕೊಟ್ಟು ಕಳಿಸಿದಳು. ಹಿಂದೊಮ್ಮೆ ಹೀಗೇ ಆಗಿತ್ತು. ದೂರದ ಸಂಬಂಧಿಯೊಬ್ಬ ಗುಂಡಿ ಹೊಲಿಸುವುದು, ಜಿಪ್ ಹಾಕಿಸುವುದು ಎಂದು ದಿನಕ್ಕೊಂದು ನೆಪ ಹಿಡಿದು ಬರುತ್ತಿದ್ದ. ಮದುವೆಯ ಮಾತೂ ಆಡಿದ್ದ. ಕೊನೆಗೆ ಒಂದು ದಿನ ತನ್ನ ಮದುವೆಯ ಕೋಟು ಹೊಲಿಸಲು ಬಂದ, ಹುಡುಗಿ ಬೇರೆ ಯಾರೋ. ಆ ಕೋಟನ್ನು ಅವಳೇ ಹೊಲಿದು ಕೊಟ್ಟಿದ್ದಳು. ಒಂದು ಹೊಲಿಗೆಯೂ ತಪ್ಪಿರಲಿಲ್ಲ.

ಇವನೂ ಹಾಗೇನಾ? ಇಷ್ಟು ವರ್ಷದ ಕೆಲಸ, ಒಂದು ಕೋಣೆ ಅಳೆಯಲು ಬರುವುದಿಲ್ಲವಾ? ಎಂಟು, ಐದೂವರೆ, ಏಳು... ನನ್ನನ್ನ ಏನಂದುಕೊಂಡಿದಾನೆ?

ಕತ್ತರಿ ಕೆಳಗಿಟ್ಟು ನೇರ ಅಂಗಡಿಗೆ ನಡೆದಳು. ಯಜಮಾನರು ಇದ್ದರು, ಕೌಂಟರಿನ ಹುಡುಗಿ ಇದ್ದಳು, ಗಿರಾಕಿಗಳೂ ಇದ್ದರು. ಅವನೂ ಇದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಅದನ್ನು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು.

"ನಿಮ್ಮ ಈ ಮೇಷ್ಟ್ರಿಗೆ ಅಳೆಯೋಕೆ ಬರುತ್ತಾ ಸಾರ್? ಮೂರು ಸಲ ಬಂದು ಮೂರು ಅಳತೆ ಹೇಳಿದಾರೆ. ಟೇಪ್ ಸರಿ ಇಲ್ವೋ, ಬುದ್ಧಿ ಸರಿ ಇಲ್ವೋ ಕೇಳಿ. ಮನೆಗೆ ಬರೋಕೆ ಇದೊಂದು ನೆಪ ಆದ್ರೆ ಅಂಥೋರನ್ನ ಮನೆಮನೆಗೆ ಕಳಿಸ್ಬೇಡಿ."

ಗಿರಾಕಿಗಳೆಲ್ಲ ಅವನತ್ತ ತಿರುಗಿದರು. ಗೋಡೆಯ ಟೀವಿಗಳಲ್ಲಿ ಮಾತ್ರ ಒಂದೇ ಚಿತ್ರ ಸದ್ದಿಲ್ಲದೆ ಓಡುತ್ತಿತ್ತು.

ಅವನು ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದಳು. ಬರಲಿಲ್ಲ. "ತಪ್ಪು ನನ್ನದೇ," ಎಂದಷ್ಟೇ ಹೇಳಿ ಒಳಗೆ ಹೋದ.

ಎರಡು ದಿನದ ಮೇಲೆ ಬೇರೆ ಯಾರೋ ಬಂದು ಕೊನೆಯ ಅಳತೆಯ ಲೆಕ್ಕದಲ್ಲಿ ಐವತ್ತೈದರ ಟೀವಿ ಗೋಡೆಗೆ ಹಾಕಿದರು. ಮೇಷ್ಟ್ರೆಲ್ಲಿ ಎಂದು ದೊಡ್ಡಮ್ಮ ಕೇಳಿದರು.

"ಅವರನ್ನ ಗೋಡೌನಿಗೆ ಹಾಕಿದಾರೆ. ಇನ್ಮೇಲೆ ಮನೆ ಅಳತೆಗೆ ಕಳಿಸಲ್ವಂತೆ. ಯಾರೋ ಕಂಪ್ಲೇಂಟ್ ಕೊಟ್ರಂತೆ."

ಆ 'ಯಾರೋ' ಯಾರೆಂದು ಅವಳಿಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದಳು, ಆಗಲಿಲ್ಲ. ನಾನು ಮಾಡಿದ್ದು ಸರಿಯಾಗಿಯೇ ಇದೆ, ಎಂದಿತು ಮನಸ್ಸಿನ ಒಂದು ಮೂಲೆ. ಹಾಗಿದ್ದರೆ ಮನೆ ಇಷ್ಟು ಬಿಕೋ ಎನ್ನುವುದೇಕೆ?

ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಕರ್ ಕರ್ ಎಂಬ ಸದ್ದು ಕೇಳಿಸಿತು. ಇಣುಕಿ ನೋಡಿದಳು. ಮಂಡಿ ನೋವಿನ ದೊಡ್ಡಮ್ಮ ಎರಡೂ ಕೈಯಲ್ಲಿ ಕುರ್ಚಿ ಹಿಡಿದು, ಏದುಸಿರು ಬಿಡುತ್ತ, ಹಿಂದಕ್ಕೆ ಎಳೆಯುತ್ತಿದ್ದರು.

"ದೊಡ್ಡಮ್ಮಾ, ಏನ್ ಮಾಡ್ತಿದೀಯ?"

ದೊಡ್ಡಮ್ಮ ಸಿಕ್ಕಿಬಿದ್ದ ಬೆಕ್ಕಿನಂತೆ ನಿಂತರು. ಅರೆಗಳಿಗೆಯಲ್ಲಿ ಸಾವರಿಸಿಕೊಂಡರು. "ಟೀವಿ ಚಿಕ್ಕದಾಯ್ತು ಕಣೇ. ಕಾಣಿಸ್ತಾನೇ ಇಲ್ಲ. ಅಂಗಡಿಗೆ ಫೋನ್ ಮಾಡು. ಬೇರೆ ಯಾರೂ ಬೇಡ, ಆ ಮೇಷ್ಟ್ರೇ ಬಂದು ಅಳೀಲಿ."

ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಪ್ರತಿ ಸಲ ನೀನೇ ಸರಿಸಿದ್ಯಾ?"

"ಮತ್ತಿನ್ನೇನು ಕುರ್ಚಿ ಅದಾಗಿಯೇ ನಡೆಯುತ್ತಾ?"

"ಯಾಕೆ ದೊಡ್ಡಮ್ಮ? ನಾನು ಅವರಿಗೆ ಅಷ್ಟು ಜನರ ಎದುರು ಏನೇನೋ ಅಂದುಬಿಟ್ಟೆ. ಕಂಪ್ಲೇಂಟ್ ಕೊಟ್ಟಿದ್ದು ನಾನೇ."

ದೊಡ್ಡಮ್ಮನ ಮುಖ ಸಪ್ಪಗಾಯಿತು. ನಿಧಾನವಾಗಿ ಕುರ್ಚಿಯಲ್ಲಿ ಕೂತರು. "ನನಗೆ ಕಣ್ಣು ಮಬ್ಬಾದ್ರೂ ಕಿವಿ ನೆಟ್ಟಗಿದೆ ಪುಟ್ಟಿ. ಈ ಮನೆಗೆ ಯಾರೇ ಬಂದ್ರೂ ನಿನ್ನ ಮಷೀನ್ ನಿಲ್ಲಲ್ಲ. ತುಳೀತಾನೇ ಮಾತಾಡ್ತೀಯ. ಆ ಹುಡುಗ ಬಂದಾಗ ಮಾತ್ರ ಮಷೀನ್ ಸದ್ದು ನಿಂತುಬಿಡ್ತಿತ್ತು. ಮೊದಲನೇ ದಿನವೇ ನಿಂತಿತ್ತು. ನಾನು ಕೇಳಿಸಿಕೊಂಡೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಒಂದೇ ಸಲ ಬಂದು ಹೋದ್ರೆ ನೀನು ಜನ್ಮದಲ್ಲಿ ಬಾಯಿ ಬಿಡ್ತಿರಲಿಲ್ಲ. ಅದಕ್ಕೆ ಸ್ವಲ್ಪ ಎಳೆದೆ. ನನ್ನ ಮಂಡಿ ಹಾಳಾಗಿದ್ದು ಬೇರೆ." ಕೈ ಚಾಚಿ ಅವಳ ತಲೆ ಸವರಿದರು. "ಹೋಗು. ಈಗಲೇ ಹೋಗು. ನಾನು ಮಾಡಿದ ಕಿತಾಪತಿ ಅಂತ ಎಲ್ಲರ ಮುಂದೆ ಹೇಳು. ಈ ವಯಸ್ಸಲ್ಲಿ ನನಗೇನು ನಾಚಿಕೆ."

ಅವಳಿಗೆ ನಾಚಿಕೆಯಿತ್ತು. ಬೆಟ್ಟದಷ್ಟಿತ್ತು. ಒಮ್ಮೆ ಒಬ್ಬ ಗಿರಾಕಿ ತಾನು ದಪ್ಪಗಾಗಿದ್ದನ್ನು ಮರೆತು, ನಿನಗೆ ಅಳತೆಯೇ ಬರುವುದಿಲ್ಲ ಎಂದು ಅವಳ ಮುಖದ ಮೇಲೆ ಪ್ಯಾಂಟು ಎಸೆದು ಹೋಗಿದ್ದ. ಆ ದಿನ ಅವಳು ಊಟ ಮಾಡಿರಲಿಲ್ಲ. ಅದನ್ನೇ ನಾನು ಅವರಿಗೆ ಮಾಡಿದೆನಲ್ಲ... ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಉಸಿರೆಳೆದುಕೊಂಡು ಒಳಗೆ ನಡೆದಳು.

"ಸಾರ್, ಅವತ್ತು ನಾನು ಹೇಳಿದ್ದು ತಪ್ಪು. ಮೂರು ಅಳತೇನೂ ಸರಿಯಾಗಿತ್ತು. ನಮ್ಮ ದೊಡ್ಡಮ್ಮ ಕುರ್ಚಿ ಸರಿಸಿಬಿಡ್ತಿದ್ರು. ನಿಮ್ಮ ಮೇಷ್ಟ್ರ ಕೈಯಲ್ಲೂ ಟೇಪಲ್ಲೂ ಏನೂ ದೋಷ ಇಲ್ಲ. ದಯವಿಟ್ಟು ಅವರ ಕೆಲಸ ಅವರಿಗೆ ವಾಪಸ್ ಕೊಡಿ."

ಯಜಮಾನರು ಕನ್ನಡಕ ತೆಗೆದು ಅವಳನ್ನು ನೋಡಿದರು. "ನಿಮ್ಮ ದೊಡ್ಡಮ್ಮ ಯಾಕೆ ಕುರ್ಚಿ ಸರಿಸ್ತಿದ್ರು?"

ಅವಳ ಮುಖಕ್ಕೆ ರಕ್ತ ನುಗ್ಗಿತು. "ಅದು... ಮನೆ ವಿಷಯ ಸಾರ್."

ಕೌಂಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ನಗು ನುಂಗಿಕೊಂಡರು. "ನಾಳೆಯಿಂದ ಅವನೇ ಮನೆಗಳಿಗೆ ಹೋಗ್ತಾನೆ. ಅವನಿಲ್ಲದೆ ನಮಗೂ ಆಗ್ತಿಲ್ಲ. ಹಿಂದುಗಡೆ ಗೋಡೌನಲ್ಲಿದಾನೆ, ಈ ಮಾತು ನೀವೇ ಹೇಳಿ."

ಗೋಡೌನಿನಲ್ಲಿ ಟೀವಿ ಪೆಟ್ಟಿಗೆಗಳು ಛಾವಣಿಯವರೆಗೆ ಪೇರಿಸಿದ್ದವು. ಅವನು ನೆಲದ ಮೇಲೆ ಕೂತು ರಿಮೋಟುಗಳಿಗೆ ಬ್ಯಾಟರಿ ಹಾಕುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ದೊಡ್ಡಮ್ಮ ಕುರ್ಚಿ ಸರಿಸ್ತಿದ್ರು," ಎಂದಳು. ಬರುವಾಗ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿ ಇದೊಂದೇ ಉಳಿದಿತ್ತು. "ನನಗೆ ಗೊತ್ತಿರಲಿಲ್ಲ. ಕ್ಷಮಿಸಿ."

"ನನಗೆ ಗೊತ್ತಿತ್ತು."

ಅವಳು ಬೆಚ್ಚಿದಳು. "ಯಾವಾಗಿಂದ?"

"ಎರಡನೇ ಸಲವೇ. ಕುರ್ಚಿ ಕಾಲು ಎಳೆದ ಗೀರು ನೆಲದ ಮೇಲೆ ಹೊಸದಾಗಿ ಮೂಡಿತ್ತು."

"ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಜನರೆದುರು ನಾನು ಬಾಯಿಗೆ ಬಂದಿದ್ದು ಅಂದೆ. ಸುಮ್ಮನೆ ತಲೆ ತಗ್ಗಿಸಿದ್ರಲ್ಲ."

ಅವನು ಕೈಯಲ್ಲಿದ್ದ ರಿಮೋಟನ್ನು ಪೆಟ್ಟಿಗೆಯ ಮೇಲಿಟ್ಟ. ಅದು ಜಾರಿತು. ಮತ್ತೆ ಎತ್ತಿಟ್ಟ. ಸಾವಿರ ಗಿರಾಕಿಗಳಿಗೆ ಪಾಠ ಹೇಳಿದ ಬಾಯಿ ಈಗ ಒಂದು ವಾಕ್ಯಕ್ಕೆ ತಡವರಿಸುತ್ತಿತ್ತು.

"ನೀವು ಎರಡು ಮಾತು ಹೇಳಿದ್ರಿ. ನನಗೆ ಅಳೆಯೋಕೆ ಬರಲ್ಲ ಅಂದ್ರಿ, ಅದು ಸುಳ್ಳು. ಮನೆಗೆ ಬರೋಕೆ ನೆಪ ಅಂದ್ರಿ..." ತಲೆಯೆತ್ತಿ ಅವಳನ್ನು ನೋಡಿದ. "ಅದು ನಿಜ. ಕುರ್ಚಿ ಸರಿಸಿದಾರೆ ಅಂತ ಗೊತ್ತಾದ್ರೂ ಗೊತ್ತಿಲ್ಲದವನ ಹಾಗೆ ಅಳೆದೆ. ಮತ್ತೆ ಬರಬಹುದಲ್ಲ ಅಂತ. ನಿಜ ಹೇಳ್ದವರ ಹತ್ತಿರ ಏನಂತ ಜಗಳ ಆಡ್ಲಿ?"

ಅವಳ ಕಣ್ಣು ತುಂಬಿ ಬಂತು. ಅದರ ಜೊತೆಗೇ ನಗುವೂ ಬಂತು. ಯಾವುದನ್ನು ಮೊದಲು ತಡೆಯಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು.

"ನನಗೆ ನೆಪ ಅಂದ್ರೆ ಭಯ," ಎಂದಳು. "ಹಿಂದೆ ಒಬ್ಬರು ಹೀಗೇ ನೆಪ ಹೇಳಿಕೊಂಡು ಬರ್ತಿದ್ರು. ಒಂದು ದಿನ ಬೇರೆ ಹುಡುಗಿ ಜೊತೆ ಮದುವೆ ಅಂತ ಕೋಟು ಹೊಲಿಸೋಕೆ ಬಂದ್ರು. ನೀವೂ ಹಾಗೇ ಬರೋದು ನಿಲ್ಲಿಸ್ತೀರಿ ಅಂತ ಹೆದರಿಕೆ ಆಯ್ತು. ನೀವು ನಿಲ್ಲಿಸೋ ಮುಂಚೆ ನಾನೇ ನಿಲ್ಲಿಸಿಬಿಟ್ಟೆ."

"ನನಗೆ ನೀವು ಇಷ್ಟ," ಎಂದ ಅವನು, ತೀರಾ ಮೆಲ್ಲಗೆ. "ಅಂಗಡೀಲಿ ಗೋಡೆ ಕಡೆ ಮುಖ ಮಾಡಿಕೊಂಡು ನನ್ನ ಜೊತೆ ಜಗಳ ಆಡಿದ್ರಲ್ಲ, ಆಗಿಂದ. ಮದುವೆ ಆಗ್ತೀರಾ ಅಂತ ಕೇಳೋಕೆ ಎಷ್ಟು ಸಲ ಬಂದೆ. ಪ್ರತಿ ಸಲ ಅಡಿ, ಇಂಚು ಅಂತ ಮಾತಾಡಿ ವಾಪಸ್ ಹೋದೆ."

"ನಾನು ದೊಡ್ಡಮ್ಮನ್ನ ಬಿಟ್ಟು ಎಲ್ಲೂ ಬರಲ್ಲ."

"ನೀವು ಬರೋದು ಬೇಡ. ನಾನು ಬರ್ತೀನಿ."

ಅದನ್ನು ಅವನು ಹೇಳಿದ ರೀತಿಗೆ, ಅಷ್ಟು ಸಲೀಸಾಗಿ, ಎಷ್ಟೋ ದಿನದಿಂದ ಯೋಚಿಸಿಟ್ಟುಕೊಂಡವನ ಹಾಗೆ, ಅವಳ ಎದೆಯಲ್ಲಿ ಬಹಳ ಕಾಲದಿಂದ ಬಿಗಿದುಕೊಂಡಿದ್ದ ಏನೋ ಸಡಿಲವಾಯಿತು. ಒಂದು ಹೆಜ್ಜೆ ಮುಂದೆ ಬಂದು ಅವನ ಕೈ ಹಿಡಿದುಕೊಂಡಳು.

"ಆಗ್ತೀನಿ," ಎಂದಳು.

"ಇವತ್ತು ಸಂಜೆ ಮನೆಗೆ ಬರ್ಲಾ?"

"ಬನ್ನಿ."

"ಟೀವಿ ಅಂತೂ ಹಾಕಿ ಆಯ್ತು. ಬಾಗಿಲಲ್ಲಿ ನಿಂತು ಏನಂತ ಹೇಳ್ಲಿ?"

ಅವಳು ಅವನ ಕೈ ಬಿಡದೆಯೇ ಕಣ್ಣೊರೆಸಿಕೊಂಡಳು.

"ಏನೂ ಹೇಳ್ಬೇಡಿ. ಸುಮ್ಮನೆ ಬನ್ನಿ."